ವಿಶ್ವವಿದ್ಯಾನಿಲಯದ ಬೊಕ್ಕಸವೂ ಅದರ ಆಡಳಿತವೂ

ಒಂದು ವಿಶ್ವವಿದ್ಯಾನಿಲಯವು ಯಾರ ಕೈಯಲ್ಲಿದೆಯೆಂಬುದನ್ನು ಅರಿಯಬೇಕಾದರೆ ಅದರ ಕಾಯಿದೆಯನ್ನು ಓದುವುದಕ್ಕಿಂತ ಅದರ ಆಯವ್ಯಯದ ಪಟ್ಟಿಯನ್ನು ನೋಡುವುದು ಮೇಲು. ಕಾಯಿದೆಯಲ್ಲಿ ಸೆನೆಟ್ ಸಭೆಗೆ ಇಷ್ಟು ಅಧಿಕಾರ, ಕೌನ್ಸಿಲಿಗೆ ಇಷ್ಟು ಅಧಿಕಾರ ಎಂದು ವಿಂಗಡಿಸಿ ಬರೆದಿರುವುದು. ಆದರೆ ವರ್ಷವರ್ಷವೂ ಹಣವನ್ನು ಕೊಡುವವರು ಯಾರೋ, ವರ್ಷದ ಕೊನೆಯಲ್ಲಿ ಪರೀಕ್ಷೆಗಳ ಫಲವನ್ನೂ ಖರ್ಚಿನ ಲೆಕ್ಕವನ್ನೂ ಯಾರ ಮುಂದೆ ಒಪ್ಪಿಸಬೇಕೋ, ಕಡೆಗೆ ಅವರ ಮಾತೇ ನಡೆಯುವುದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದ ಮಹನೀಯರ ಕೀರ್ತಿಯನ್ನು ಹೇಳುವ ಲೇಖನಗಳು ಬೇಕಾದಷ್ಟಿವೆ. ಆ ಮಹನೀಯರ ಸಂಬಳವು ಎಲ್ಲಿಂದ ಬರುತ್ತಿತ್ತೆಂದು ಕೇಳುವುದು ಮಾತ್ರ ಅರಸಿಕರ ಕೆಲಸವೆಂದು ಎಣಿಸಲ್ಪಟ್ಟಿದೆ. ಆ ಸಂಸ್ಥೆಯ ಚರಿತ್ರೆಯ ಅರ್ಧಭಾಗವು ಆ ಪ್ರಶ್ನೆಯಲ್ಲಿಯೇ ಅಡಗಿರುವುದರಿಂದ ಅದನ್ನು ಕೇಳಲೇಬೇಕಾಗಿದೆ.

ಪದವಿಗಳನ್ನು ಕೊಡುವ ಸಮಾರಂಭಕ್ಕೆ ಕನ್ನಡದಲ್ಲಿ ಘಟಿಕೋತ್ಸವವೆಂಬ ಹೆಸರು ನಿಂತಿದೆ. ಘಟಿಕೆಯೆಂದರೆ ಪೂರ್ವಕಾಲದ ವಿದ್ಯಾಸ್ಥಾನ. ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದನೆಂದು ತಾಳಗುಂದದ ಸ್ತಂಭಶಾಸನವು ಹೇಳುತ್ತದೆ. ಕನ್ನಡನಾಡಿನೊಳಗೆಯೇ ಸಾಲೊಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಒಂದು ಶಾಲೆಯನ್ನು ಕಟ್ಟಿಸಿದನು. ಅಲ್ಲಿಯ 945ರ ಶಾಸನದಲ್ಲಿ ಶಾಲೆಯ ದೀಪಗಳಿಗೆ ಸಹ ಪ್ರತ್ಯೇಕವಾಗಿ ಭೂಮಿಯನ್ನು ಬಿಟ್ಟಿರುವ ವಿವರವಿದೆ. ನಾಗಾವಿಯ 1058ರ ಶಾಸನದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಅಲ್ಲದೆ ಗ್ರಂಥಗಳನ್ನು ನೋಡಿಕೊಳ್ಳುವ ಸರಸ್ವತೀಭಂಡಾರಿಗರು ಆರು ಮಂದಿ ಇದ್ದರೆಂದು ತಿಳಿದುಬರುತ್ತದೆ. ಈ ಸಂಸ್ಥೆಗಳಿಗೆ ಆಧಾರವಾಗಿದ್ದುದು ದತ್ತಿಯ ಭೂಮಿ. ದಾನಿಯು ಭೂಮಿಯನ್ನು ಕೊಟ್ಟು, ಅದನ್ನು ಕಲ್ಲಿನಲ್ಲಿ ಬರೆಯಿಸಿ, ಅಪಹರಿಸಿದವರಿಗೆ ಶಾಪವನ್ನು ಹಾಕಿ, ತಾನು ಹಿಂದೆ ಸರಿಯುತ್ತಿದ್ದನು. ಬರುವ ವರ್ಷ ಕೊಡಬೇಕೆ ಬೇಡವೆ ಎಂಬ ವಿಚಾರಣೆಗೆ ಅಲ್ಲಿ ಎಡೆಯಿರಲಿಲ್ಲ. ಈಗಿನ ಘಟಿಕೋತ್ಸವಕ್ಕೆ ಆ ಘಟಿಕೆಯ ಹೆಸರು ಬಂದಿತೇ ಹೊರತು ಆ ಭೂಮಿ ಬರಲಿಲ್ಲ.

ಕಲ್ಕತ್ತೆ, ಬೊಂಬಾಯಿ, ಮದರಾಸುಗಳ ವಿಶ್ವವಿದ್ಯಾನಿಲಯಗಳು 1857ರಲ್ಲಿ ಹುಟ್ಟಿದವು. ಅವು ಲಂಡನ್ನಿನ ಮಾದರಿಯವು. ಪಾಠ ಹೇಳುವುದು ಕಾಲೇಜುಗಳ ಕೆಲಸ, ಪರೀಕ್ಷೆ ಮಾಡುವುದು ವಿಶ್ವವಿದ್ಯಾನಿಲಯದ ಕೆಲಸ. ಅವುಗಳ ಮುಖ್ಯ ಜೀವನವು ಪರೀಕ್ಷೆಯ ಶುಲ್ಕದಿಂದ ಸಾಗುತ್ತಿತ್ತು. ಲಾರ್ಡ್ ಕರ್ಜನ್ನನ ಕಾಲದಲ್ಲಿ, 1904ರ ಕಾಯಿದೆಯಿಂದ, ಸೆನೆಟ್ ಸಭೆಗೆ ಮಿತಿಯನ್ನು ಕಟ್ಟಲಾಯಿತು. ಹಳೆಯ ಮೂರು ವಿಶ್ವವಿದ್ಯಾನಿಲಯಗಳಲ್ಲಿ ಗರಿಷ್ಠ 100 ಮಂದಿ ಸಾಮಾನ್ಯ ಸದಸ್ಯರು. ಅವರಲ್ಲಿ 80 ಮಂದಿಯನ್ನು ಛಾನ್ಸೆಲರೇ ನೇಮಿಸುವುದು. ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಆಗ ಮದರಾಸಿಗೆ ಸೇರಿದ್ದವು. ಸಂಸ್ಥಾನದ ಹಣದಿಂದ ನಡೆಯುತ್ತಿದ್ದ ಕಾಲೇಜುಗಳಲ್ಲಿ ಏನನ್ನು ಕಲಿಸಬೇಕೆಂಬುದು ಸಂಸ್ಥಾನದ ಹೊರಗಡೆ ಗೊತ್ತಾಗುತ್ತಿತ್ತು.

ಈ ಸ್ಥಿತಿಯನ್ನು ತಪ್ಪಿಸಬೇಕೆಂದು ದಿವಾನ್ ವಿಶ್ವೇಶ್ವರಯ್ಯನವರು ಪಟ್ಟು ಹಿಡಿದರು. ಸಿ. ಆರ್. ರೆಡ್ಡಿಯವರೂ ಥಾಮಸ್ ಡೆನ್‌ಹ್ಯಾಮ್ ಅವರೂ ಪರದೇಶಗಳ ಉಚ್ಚಶಿಕ್ಷಣದ ಪದ್ಧತಿಗಳನ್ನು ಪರಿಶೀಲಿಸಿ ವರದಿಗಳನ್ನು ಕೊಟ್ಟರು. 1916ನೆಯ ಜುಲೈ 27ರಂದು ವಿಶ್ವವಿದ್ಯಾನಿಲಯವು ಅಸ್ತಿತ್ವಕ್ಕೆ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರವರು ಛಾನ್ಸೆಲರ್, ಎಚ್. ವಿ. ನಂಜುಂಡಯ್ಯನವರು ಮೊದಲನೆಯ ವೈಸ್ ಛಾನ್ಸೆಲರ್. ಇವರೇ ಅದರ ಹಿಂದಿನ ವರ್ಷ ಹುಟ್ಟಿದ ಕರ್ಣಾಟಕ ಸಾಹಿತ್ಯ ಪರಿಷತ್ತಿಗೂ ಮೊದಲನೆಯ ಅಧ್ಯಕ್ಷರಾದವರು. ಬ್ರಿಟಿಷ್ ಆಳಿಕೆಗೆ ನೇರವಾಗಿ ಒಳಪಡದ ಪ್ರದೇಶದಲ್ಲಿ ಇದೇ ಪ್ರಥಮ ವಿಶ್ವವಿದ್ಯಾನಿಲಯವೆಂಬುದನ್ನು ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳದಿರುವುದೊಂದಿದೆ: ಅದು ಹುಟ್ಟುವಾಗಲೇ ಸಂಸ್ಥಾನದ ಖಜಾನೆಯ ಮಗುವಾಗಿ ಹುಟ್ಟಿತು. ಅದರ ಕಾಲೇಜುಗಳು ಸರ್ಕಾರದ ಕಾಲೇಜುಗಳು, ಅಧ್ಯಾಪಕರು ಸರ್ಕಾರದ ನೌಕರರು. ವಿದ್ಯಾರ್ಥಿಗಳ ಸಂಖ್ಯೆ ಅಲ್ಪವಾಗಿದ್ದುದರಿಂದ ಶುಲ್ಕದಿಂದ ಹೊಟ್ಟೆ ತುಂಬುವಂತಿರಲಿಲ್ಲ. ಸೆನೆಟ್ ಸಭೆಯೂ ಕೌನ್ಸಿಲೂ ಏರ್ಪಟ್ಟವು, ಚರ್ಚೆಗಳೂ ನಡೆದವು. ಆದರೆ ಸಂಸ್ಥಾನವು ವರ್ಷಕ್ಕೊಮ್ಮೆ ಅಚ್ಚುಹಾಕಿಸುತ್ತಿದ್ದ ಆಡಳಿತದ ವರದಿಯಲ್ಲಿ, ಕೆರೆಕಾಲುವೆಗಳ ಮತ್ತು ಅಬಕಾರಿಯ ಪ್ರಕರಣಗಳಂತೆಯೇ ವಿಶ್ವವಿದ್ಯಾನಿಲಯದ್ದೂ ಒಂದು ಪ್ರಕರಣವಾಗಿತ್ತು.

ಪ್ರಭುವು ಉದಾರನಾಗಿದ್ದು ದಿವಾನನು ವಿದ್ಯಾಪಕ್ಷಪಾತಿಯಾಗಿದ್ದರೆ ಈ ವ್ಯವಸ್ಥೆಯಷ್ಟು ಸುಖಕರವಾದುದು ಬೇರೊಂದಿಲ್ಲ. ಮೈಸೂರಿಗೆ ಆ ಭಾಗ್ಯವು ಬಹುಕಾಲ ಲಭಿಸಿತ್ತು. ಅದರ ಬೆಲೆಯೇನೆಂಬುದು ಮಾತ್ರ ಬೇರೊಂದು ಊರಿನ ಕಥೆಯನ್ನು ನೋಡಿದಲ್ಲದೆ ತಿಳಿಯದು. ಆ ಊರು ಕಲ್ಕತ್ತೆ. ಅದಕ್ಕೂ ಮೈಸೂರಿಗೂ ಆ ವರ್ಷಗಳಲ್ಲಿ ಇದ್ದ ನಂಟು ಸಾಮಾನ್ಯವಾದುದಲ್ಲ. ಮೈಸೂರಿನ ಮೊದಲನೆಯ ಘಟಿಕೋತ್ಸವವು 1918ರಲ್ಲಿ ನಡೆದಾಗ ಭಾಷಣ ಮಾಡಿದವರು ಕಲ್ಕತ್ತೆಯ ಸರ್ ಆಶುತೋಷ ಮುಖರ್ಜಿಯವರು. ನಂಜುಂಡಯ್ಯನವರು 1920ರಲ್ಲಿ ತೀರಿಕೊಂಡ ತರುವಾಯ ವೈಸ್ ಛಾನ್ಸೆಲರ್ ಆಗಿ ಬಂದವರು ಕಲ್ಕತ್ತೆಯಲ್ಲಿ ತತ್ತ್ವಶಾಸ್ತ್ರದ ಪೀಠದಲ್ಲಿದ್ದ ಬ್ರಜೇಂದ್ರನಾಥ ಶೀಲರು. ಅವರು ಬಿಟ್ಟುಬಂದ ಪೀಠಕ್ಕೆ 1921ರಲ್ಲಿ ಇಲ್ಲಿಂದ ಹೋದವರು ಮಹಾರಾಜಾ ಕಾಲೇಜಿನ ರಾಧಾಕೃಷ್ಣನ್ ಅವರು. ಒಂದು ಮನೆಯ ಹೆಣ್ಣನ್ನು ತಂದು ಆ ಮನೆಗೇ ಹೆಣ್ಣನ್ನು ಕೊಟ್ಟಂತೆ ಈ ವಿನಿಮಯವು ನಡೆಯಿತು.

ಕಲ್ಕತ್ತೆಯು ಸರ್ಕಾರದ ಅನ್ನವನ್ನು ಹೆಚ್ಚಾಗಿ ಉಣ್ಣುತ್ತಿರಲಿಲ್ಲ. 1917ರಲ್ಲಿ ನೇಮಕವಾದ ಸ್ಯಾಡ್ಲರ್ ಕಮಿಷನ್ನಿನವರು ಲೆಕ್ಕಹಾಕಿದಾಗ ಬಂಗಾಳದ ಕಾಲೇಜು ವಿದ್ಯಾರ್ಥಿಗಳು ಸುಮಾರು 26,000 ಮಂದಿ ಇದ್ದರು. ಇಷ್ಟು ಜನರ ಪರೀಕ್ಷಾಶುಲ್ಕ, ತಾರಕನಾಥ ಪಾಲಿತ್ ಮತ್ತು ರಾಸವಿಹಾರಿ ಘೋಷರಂತಹ ವಕೀಲರು ಕೊಟ್ಟ ದೊಡ್ಡ ದತ್ತಿಗಳು, ಇವುಗಳ ಬಲದಿಂದ ಆಶುತೋಷರು ಸರ್ಕಾರವು ಬೇಡವೆಂದರೂ ಬೇಕೆಂದರೂ ಲಕ್ಷ್ಯಮಾಡದೆ ಸ್ನಾತಕೋತ್ತರ ವಿಭಾಗಗಳನ್ನು ಕಟ್ಟಿದರು. ಪಾಲಿತ್ ಪೀಠಕ್ಕೆ ಸಿ. ವಿ. ರಾಮನ್ನರನ್ನು ಸರ್ಕಾರದ ಲೆಕ್ಕಪತ್ರಗಳ ಇಲಾಖೆಯಿಂದ ಬಿಡಿಸಿ ತಂದವರು ಇವರೇ. ಆದರೆ ಶುಲ್ಕವನ್ನು ನಂಬಿದ ಸ್ವಾತಂತ್ರ್ಯಕ್ಕೆ ಒಂದು ಒಳಗುಟ್ಟಿನ ದೋಷವುಂಟು. ಪರೀಕ್ಷೆಗೆ ಕುಳಿತವರು ಹೆಚ್ಚಿದಷ್ಟೂ ಬೊಕ್ಕಸವು ತುಂಬುವುದು. ತೇರ್ಗಡೆಯಾದವರು ಹೆಚ್ಚಿದಷ್ಟೂ ಮೇಲಿನ ಪರೀಕ್ಷೆಗೆ ಕುಳಿತುಕೊಳ್ಳುವವರು ಹೆಚ್ಚುವರು. ಕಲ್ಕತ್ತೆಯ ಪ್ರವೇಶ ಪರೀಕ್ಷೆಯು ಸಡಿಲವಾಯಿತೆಂಬ ಆಕ್ಷೇಪವು ಆಗಲೇ ಎದ್ದಿತ್ತು, ಅದನ್ನು ವೈರಿಗಳ ಮಾತೆಂದು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ.

ಶುಲ್ಕವು ಬತ್ತುವ ಕಾಲವೂ ಬಂದಿತು. 1917ರಲ್ಲಿ ಪಾಟ್ನಾ, 1920ರಲ್ಲಿ ರಂಗೂನ್, 1921ರಲ್ಲಿ ಢಾಕಾ ಹೀಗೆ ಬೇರೆ ವಿಶ್ವವಿದ್ಯಾನಿಲಯಗಳು ಹುಟ್ಟಿ ಪರೀಕ್ಷಾರ್ಥಿಗಳನ್ನು ಹಂಚಿಕೊಂಡವು. ಅಸಹಕಾರ ಚಳವಳಿಯಲ್ಲಿ ಅನೇಕರು ಕಾಲೇಜುಗಳನ್ನು ಬಿಟ್ಟರು. ಅಧ್ಯಾಪಕರ ಸಂಬಳಗಳು ಬಾಕಿಬಿದ್ದವು. ಆಗ, 1922ರಲ್ಲಿ, ಬಂಗಾಳದ ಸರ್ಕಾರವು 2,50,000 ರೂಪಾಯಿಗಳನ್ನು ಕೊಡಲು ಮುಂದೆ ಬಂದಿತು. ಆದರೆ ಅದರೊಡನೆ ಲೆಕ್ಕಪತ್ರಗಳನ್ನೂ ಹೊಸ ಖರ್ಚುಗಳನ್ನೂ ತನ್ನ ಹತೋಟಿಗೆ ಒಳಪಡಿಸುವಂತಹ ನಿಬಂಧನೆಗಳನ್ನು ಹಾಕಿತು. ಸೆನೆಟ್ ಸಭೆಯು ಆ ಹಣವನ್ನು ಒಲ್ಲೆನೆಂದಿತು. ಸಂಬಳ ಬಾರದಿದ್ದ ಅಧ್ಯಾಪಕರ ಮನೆಗಳಲ್ಲಿ ಈ ನಿರಾಕರಣೆಯ ಭಾರವು ಎಷ್ಟೆಂಬುದನ್ನು ಊಹಿಸಬಹುದು. ಮರುವರ್ಷ ಗವರ್ನರ್ ಲಿಟ್ಟನ್ನರು ಷರತ್ತುಗಳನ್ನು ವಿಧಿಸಿ ಆಶುತೋಷರನ್ನೇ ಮತ್ತೆ ವೈಸ್ ಛಾನ್ಸೆಲರ್ ಮಾಡುವುದಾಗಿ ಬರೆದರು. ಆಶುತೋಷರು ಕಟುವಾದ ಉತ್ತರವನ್ನು ಬರೆದು ಸ್ಥಾನವನ್ನು ಬೇಡವೆಂದರು. 1924ರಲ್ಲಿ ಅವರು ಪಾಟ್ನಾದಲ್ಲಿ ಕಾಲವಾದರು.

ಇದೇ 1923ರಲ್ಲಿ ಮೈಸೂರಿನಲ್ಲಿ ಶೀಲರು ಏನು ಮಾಡುತ್ತಿದ್ದರೆಂಬುದು ಗಮನಾರ್ಹ. ಅವರು ಸಂಸ್ಥಾನದ ರಾಜ್ಯಾಂಗ ಸುಧಾರಣೆಯ ಸಮಿತಿಗೆ ಅಧ್ಯಕ್ಷರಾಗಿ, ಪ್ರಜಾಪ್ರತಿನಿಧಿ ಸಭೆಗೂ ನ್ಯಾಯವಿಧಾಯಕ ಸಭೆಗೂ ಯಾವ ಯಾವ ಅಧಿಕಾರಗಳು ಇರಬೇಕೆಂಬುದನ್ನು ಬರೆದುಕೊಡುತ್ತಿದ್ದರು. ಕಲ್ಕತ್ತೆಯ ವೈಸ್ ಛಾನ್ಸೆಲರರು ಸರ್ಕಾರದೊಡನೆ ಹೋರಾಡುತ್ತಿದ್ದಾಗ ಮೈಸೂರಿನ ವೈಸ್ ಛಾನ್ಸೆಲರರು ಸರ್ಕಾರಕ್ಕೆ ಮಂತ್ರಾಲೋಚನೆ ಹೇಳುತ್ತಿದ್ದರು. ಶೀಲರು ಅಂಜುಬುರುಕರೆಂದು ಇದರಿಂದ ತಿಳಿಯಬಾರದು. ಅವರಷ್ಟು ವಿಶಾಲವಾದ ಪಾಂಡಿತ್ಯವಿದ್ದವರು ಆ ಕಾಲದ ಭರತಖಂಡದಲ್ಲಿಯೇ ಕೆಲವರು. ಖಜಾನೆಯಿಂದ ಬದುಕುವ ವಿಶ್ವವಿದ್ಯಾನಿಲಯದಲ್ಲಿ ಸ್ವಾತಂತ್ರ್ಯವನ್ನು ಪಡೆಯುವ ಮಾರ್ಗವು ಜಗಳವಲ್ಲ, ವಿಶ್ವಾಸವೆಂಬುದನ್ನು ಅವರು ಅರಿತಿದ್ದರು. ಅವರು 1930ರವರೆಗೆ ಆ ಸ್ಥಾನದಲ್ಲಿದ್ದರು.

ವಿಶ್ವಾಸದಿಂದ ದೊರೆತುದು ಅಲ್ಪವಲ್ಲ. ಪ್ರಾಚ್ಯ ಪುಸ್ತಕಾಲಯವು ವಿಶ್ವವಿದ್ಯಾನಿಲಯಕ್ಕೆ ಸೇರಿತು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದುದು ಅಲ್ಲಿಯ ಓಲೆಗರಿಯಿಂದ. 1924ರಲ್ಲಿ ವೈದ್ಯಕೀಯ ಕಾಲೇಜು ಬಂದಿತು. 1927ರಲ್ಲಿ ಕನ್ನಡದ ಎಂ. ಎ. ತರಗತಿ ಆರಂಭವಾಯಿತು. ಆ ತರಗತಿಗೆ ಸೇರಿದವರು ಬೆರಳಲ್ಲಿ ಎಣಿಸುವಷ್ಟು. ಶುಲ್ಕದ ಲೆಕ್ಕದಿಂದ ನೋಡಿದರೆ ಅದು ಶುದ್ಧ ನಷ್ಟದ ವ್ಯಾಪಾರ. ಅಂತಹ ತರಗತಿಯನ್ನು ಪರೀಕ್ಷಾಶುಲ್ಕವನ್ನೇ ನಂಬಿದ ವಿಶ್ವವಿದ್ಯಾನಿಲಯವು ತೆರೆಯುವುದಕ್ಕೆ ಹಿಂಜರಿಯುತ್ತಿತ್ತು. ಆದರೆ ಆ ಕೆಲವರಲ್ಲಿ ಕೆ. ವಿ. ಪುಟ್ಟಪ್ಪನವರೂ ಡಿ. ಎಲ್. ನರಸಿಂಹಾಚಾರ್ಯರೂ ಇದ್ದರು. ಆ ವರ್ಷದ ವರದಿಯಲ್ಲಿ ಇದಕ್ಕೆ ಯಾವ ಅಂಕಿಯನ್ನು ಬರೆಯಬೇಕಾಗಿತ್ತು? ಮುಂದೆ 1930ರ ದಶಕದಲ್ಲಿ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿದುದು, ಅವು ಅಗ್ಗದ ಕಿರುಹೊತ್ತಗೆಗಳಾಗಿ ಅಚ್ಚಾದುದು, 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಹೊರಬಂದುದು, ಇವು ಯಾವುವೂ ಉತ್ತೀರ್ಣರ ಸಂಖ್ಯೆಯೊಳಗೆ ಬರತಕ್ಕವಲ್ಲ.

ಸಂಸ್ಥಾನಗಳ ಕಾಲ ಮುಗಿದ ಮೇಲೆ ಈ ವಿಶ್ವಾಸದ ಏರ್ಪಾಡೂ ಮುಗಿಯಿತು. ರಾಧಾಕೃಷ್ಣನ್ ಅವರು ಅಧ್ಯಕ್ಷರಾಗಿದ್ದ ಶಿಕ್ಷಣ ಕಮಿಷನ್ 1949ರಲ್ಲಿ ವರದಿ ಕೊಟ್ಟಿತು. 1956ರ ಕಾಯಿದೆಯಿಂದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಸ್ಥಿರಪಟ್ಟಿತು. ಹಣವು ದೆಹಲಿಯಿಂದ ಕೆಲವಂಶ, ರಾಜ್ಯದಿಂದ ಕೆಲವಂಶ ಬರತೊಡಗಿ, ವರದಿಯನ್ನು ಓದುವವರು ಇಬ್ಬರಾದರು. ಅದೇ 1956ರಿಂದ 1960ರವರೆಗೆ ಪುಟ್ಟಪ್ಪನವರೇ ವೈಸ್ ಛಾನ್ಸೆಲರ್ ಆಗಿ ಮಾನಸಗಂಗೋತ್ರಿಗೆ ಹೆಸರನ್ನಿಟ್ಟರು. (ಆ ಸ್ಥಾನಕ್ಕೆ ಆಗ ಉಪಕುಲಪತಿಯೆಂದು ಕನ್ನಡ, ಅನಂತರ ‘ಉಪ’ವು ಬಿದ್ದುಹೋಗಿ ಕುಲಪತಿಯೆಂದಾಯಿತು. ಹೆಸರು ದೊಡ್ಡದಾದಾಗ ಅಧಿಕಾರವೂ ದೊಡ್ಡದಾಯಿತೆಂದು ಯಾರೂ ಹೇಳಲಾರರು.)

ಇಲ್ಲಿಂದ ಮುಂದೆ ಮೈಸೂರು ತನ್ನ ಹಳೆಯ ಜೀವನವನ್ನು ಬಿಟ್ಟು ಕಲ್ಕತ್ತೆಯ ಜೀವನವನ್ನು ಹಿಡಿಯಿತು. ಜಿಲ್ಲೆಗಳ ಕಾಲೇಜುಗಳು ಹೆಚ್ಚಿದವು. ಸಂಯೋಜನೆಯ ಮತ್ತು ಪರೀಕ್ಷೆಯ ಶುಲ್ಕಗಳು ಹೆಚ್ಚಿದವು. 1969ರಲ್ಲಿ ಅಂಚೆಯ ಮೂಲಕ ಪಾಠ ಕಲಿಸುವ ಸಂಸ್ಥೆಯು ತೆರೆದು ಅದರಿಂದಲೂ ವರಮಾನವಾಯಿತು. ಕಲ್ಕತ್ತೆಗೆ ಪಾಟ್ನಾ, ಢಾಕಾಗಳು ಹೇಗೋ ಹಾಗೆಯೇ ಮೈಸೂರಿಗೂ ಹಂಚಿಕೆಯ ಕಾಲವು ಬಂದಿತು. 1964ರಲ್ಲಿ ಬೆಂಗಳೂರು ಬೇರೆಯಾಯಿತು, ಸೆಂಟ್ರಲ್ ಕಾಲೇಜೂ ಅದರೊಡನೆ ಹೋಯಿತು. 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ; 1996ರಲ್ಲಿ ಅಂಚೆಯ ಪಾಠದ ಸಂಸ್ಥೆಯೇ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಹೊರಬಿದ್ದಿತು. ಹೊಸ ಸಂಸ್ಥೆಗಳು ಆಯಾ ನಾಡಿನವರಿಗೆ ಬೇಕಾಗಿದ್ದವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಾಲಾಗುವಾಗ ವರಮಾನದ ಜಮೀನು ಕಿರಿಯರಿಗೂ ಹಳೆಯ ನೌಕರರ ನಿವೃತ್ತಿವೇತನವು ಹಿರಿಯ ಮನೆಗೂ ಬಂದುದನ್ನು ಮರೆಯಲಾಗದು.

ಆಡಳಿತದ ಕಾಯಿದೆಯೂ ಬದಲಾಗುತ್ತ ಬಂದಿತು. 1976ರ ಕಾಯಿದೆಯಲ್ಲಿ ಸೆನೆಟ್ ಸಭೆಯಿತ್ತು. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯಿದೆಯಲ್ಲಿ ಅದಿಲ್ಲ, ಸಿಂಡಿಕೇಟೂ ವಿದ್ಯಾವಿಷಯಕ ಪರಿಷತ್ತೂ ಉಳಿದವು. ಈ ಕಾಯಿದೆಯಂತೆ ರಾಜ್ಯಪಾಲರೇ ಕುಲಾಧಿಪತಿಗಳು. ಶೋಧಕ ಸಮಿತಿಯು ಕೊಟ್ಟ ಹೆಸರುಗಳಿಂದ ಒಬ್ಬರನ್ನು ರಾಜ್ಯ ಸರ್ಕಾರದ ಸಮ್ಮತಿಯನ್ನು ಪಡೆದು ನಾಲ್ಕು ವರ್ಷಗಳಿಗೆ ಕುಲಪತಿಯನ್ನಾಗಿ ನೇಮಿಸುವ ನಿಯಮವಾಯಿತು. ವಾರ್ಷಿಕ ವರದಿಯು ಸರ್ಕಾರಕ್ಕೆ ಹೋಗಿ ವಿಧಾನಮಂಡಲದ ಮುಂದೆ ಬರುವುದು. ಇದಲ್ಲದೆ 1994ರಲ್ಲಿ ಬೆಂಗಳೂರಿನಲ್ಲಿ ಏರ್ಪಟ್ಟ ಮೌಲ್ಯಾಂಕನ ಮಂಡಲಿಗೆ ಗುಣಮಟ್ಟದ ವರದಿ ಬೇರೆ, 2016ರಿಂದ ದೇಶದ ಶ್ರೇಣಿಪಟ್ಟಿಗೆ ಅಂಕಿಅಂಶಗಳು ಬೇರೆ. ಪದವೀಧರರು ಚುನಾಯಿಸಿದ ಸದಸ್ಯನೊಬ್ಬನು ಎದ್ದುನಿಂತು, ಈ ಅಂಕಿಗೆ ಅರ್ಥವೇನೆಂದು ಕೇಳುತ್ತಿದ್ದ ಸಭೆಯು ಹೋಯಿತು. ಅಂಕಿಗಳು ಮಾತ್ರ ಹೆಚ್ಚಿದವು.

ಮಂಡ್ಯಕ್ಕೆ 2019ರಲ್ಲಿಯೂ ಹಾಸನ, ಚಾಮರಾಜನಗರಗಳಿಗೆ 2023ರಲ್ಲಿಯೂ ಪ್ರತ್ಯೇಕ ವಿಶ್ವವಿದ್ಯಾಲಯಗಳು ಬಂದವು. ಹಾಸನದ ಹೇಮಗಂಗೋತ್ರಿಯೂ ಚಾಮರಾಜನಗರದ ಸ್ನಾತಕೋತ್ತರ ಕೇಂದ್ರವೂ ಮೈಸೂರೇ ಬೆಳೆಸಿದ ಸಸಿಗಳು. 2025ರಲ್ಲಿ ಮಂತ್ರಿಮಂಡಲದ ಉಪಸಮಿತಿಯ ಮುಂದೆ, ರಾಜ್ಯದ ಇಂತಹ ಹೊಸ ವಿಶ್ವವಿದ್ಯಾಲಯಗಳಲ್ಲಿ ಹಲವನ್ನು ಮುಚ್ಚಿ ಮಾತೃಸಂಸ್ಥೆಗಳಿಗೆ ಮರಳಿ ಸೇರಿಸಬೇಕೆ ಎಂಬ ಪ್ರಶ್ನೆಯು ಬಂದಿತು. ಅದಕ್ಕೆ ಮುಖ್ಯವಾಗಿ ಕೊಟ್ಟ ಕಾರಣವು ಹಣದ ಕೊರತೆ.