ರಚನಾಬದ್ಧ ಸಂದರ್ಶನ
ಒಂದು ಹುದ್ದೆಯ ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳನ್ನು ಕೇಳಿ, ಮೊದಲೇ ಗೊತ್ತುಪಡಿಸಿದ ಮಾನದಂಡದಂತೆ ಪ್ರತಿ ಉತ್ತರಕ್ಕೂ ಅಂಕ ಕೊಡುವ ನೇಮಕಾತಿ ವಿಧಾನ. ನೇಮಕಾತಿದಾರರ ನಿಜವಾದ ಶ್ರಮ ಅಭ್ಯರ್ಥಿ ಬಾಗಿಲು ತಟ್ಟುವ ಮುಂಚೆಯೇ ನಡೆಯುತ್ತದೆ. ಕೆಲಸಕ್ಕೆ ಬೇಕಾದ ಕೌಶಲಗಳನ್ನು ಗುರುತಿಸಿ, ಅವಕ್ಕೆ ತಕ್ಕ ಪ್ರಶ್ನೆ ಕಟ್ಟಿ, ಉತ್ತಮ ಉತ್ತರ ಯಾವುದು, ಕಳಪೆ ಯಾವುದು ಎಂದು ಬರೆದಿಡಬೇಕು.

‘ಹೀಗಾದರೆ ಏನು ಮಾಡುತ್ತೀರಿ?’ ಎಂಬುದು ಸನ್ನಿವೇಶ ಪ್ರಶ್ನೆ. ‘ಹಿಂದೆ ಹೀಗಾದಾಗ ಏನು ಮಾಡಿದಿರಿ?’ ಎಂಬುದು ವರ್ತನಾ ಪ್ರಶ್ನೆ. ಕೆಲಸದ ಅನುಭವವಿಲ್ಲದ ಹೊಸ ಪದವೀಧರರಿಗೆ ಮೊದಲನೆಯದೇ ಹೆಚ್ಚು ನ್ಯಾಯ ಒದಗಿಸುತ್ತದೆ.

ಮುಂದಿನ ಕಾರ್ಯಕ್ಷಮತೆಯನ್ನು ಅಂದಾಜಿಸುವುದರಲ್ಲಿ ರಚನಾಬದ್ಧ ಸಂದರ್ಶನ ಮನಬಂದಂತೆ ನಡೆಸುವ ಮಾತುಕತೆಗಿಂತ ಬಹಳ ಮೇಲು. ಸಂಶೋಧಕರಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ರಚನಾಬದ್ಧ ಸಂದರ್ಶನಕ್ಕೆ 0.51, ರಚನೆಯಿಲ್ಲದ ಸಂದರ್ಶನಕ್ಕೆ 0.38 ಸಹಸಂಬಂಧ ತೋರಿಸಿದರು. 2022ರಲ್ಲಿ ಪಾಲ್ ಸ್ಯಾಕೆಟ್ ತಂಡ ಈ ಲೆಕ್ಕವನ್ನು ಪರಿಷ್ಕರಿಸಿ 0.42 ಮತ್ತು 0.19ಕ್ಕೆ ಇಳಿಸಿತು. ಅಂಕಿಗಳು ಕುಗ್ಗಿದರೂ ಆಯ್ಕೆಯ ವಿಧಾನಗಳ ಪಟ್ಟಿಯಲ್ಲಿ ರಚನಾಬದ್ಧ ಸಂದರ್ಶನ ಮೊದಲ ಸ್ಥಾನಕ್ಕೇರಿತು.

ಭಾರತ ಸರ್ಕಾರ ಪಕ್ಷಪಾತ, ಲಂಚಗಳ ದೂರು ತಪ್ಪಿಸಲು ಬೇರೆ ದಾರಿ ಹಿಡಿಯಿತು: 2016ರ ಜನವರಿ 1ರಿಂದ ಕೇಂದ್ರದ ‘ಸಿ’ ಗುಂಪು ಮತ್ತು ‘ಬಿ’ ಗುಂಪಿನ ಪತ್ರಾಂಕಿತವಲ್ಲದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಆದರೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ವ್ಯಕ್ತಿತ್ವ ಪರೀಕ್ಷೆ ಎಂಬ ಸಂದರ್ಶನಕ್ಕೆ ಒಟ್ಟು 2025 ಅಂಕಗಳಲ್ಲಿ 275 ಉಳಿದಿವೆ.

ರಚನಾಬದ್ಧ ಸಂದರ್ಶನದ ಮಂಡಳಿಯಲ್ಲಿ ಹಲವರಿದ್ದರೆ ಪ್ರತಿಯೊಬ್ಬರೂ ಪರಸ್ಪರ ಚರ್ಚಿಸುವ ಮೊದಲೇ ತಮ್ಮ ಅಂಕ ಬರೆದಿಡುವುದು ಅವಶ್ಯ. ಇಲ್ಲವಾದರೆ ಹಿರಿಯ ಅಧಿಕಾರಿಯ ಅಭಿಪ್ರಾಯವೇ ಎಲ್ಲರದೂ ಆಗಿಬಿಡುತ್ತದೆ.