ವಿಮಾನದ ಕಾಲು, ನೆಲದ ಗುಣ

ಸೇಡಂ, ಚಿತ್ತಾಪುರ, ಚಿಂಚೋಳಿಯ ಎರೆಹೊಲಗಳಲ್ಲಿ ಮಳೆಗಾಲದಲ್ಲಿ ಬಂಡಿ ಹೊಡೆದವರಿಗೆ ಗಾಲಿಯ ಕಷ್ಟ ಗೊತ್ತು. ಎರೆಮಣ್ಣಿನಲ್ಲಿ ಹೂತುಕೊಳ್ಳುವ ಗಾಲಿಯೇ ಶಹಾಬಾದ್, ವಾಡಿಯ ಕಲ್ಲುನೆಲದ ಮೇಲೆ ಮೈಯೆಲ್ಲ ಕುಲುಕಿಸುತ್ತದೆ. ಬಂಡಿಗೆ ಕಮಾನು ಹಾಕಿದರೆ ಆ ಕುಲುಕು ಅರ್ಧ ಇಳಿಯುತ್ತದೆ. 2019ರ ನವೆಂಬರ್ 22ರಂದು ಸೇಡಂ ರಸ್ತೆಯ ಕಲಬುರಗಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಗೆ ವಿಮಾನವೂ ಹತ್ತಿರವಾಯಿತು. ಹಾರುವ ವಿಮಾನದ ರೆಕ್ಕೆಯನ್ನು ಎಲ್ಲರೂ ನೋಡುತ್ತಾರೆ. ಇಳಿಯುವಾಗ ಅದರ ಭಾರವನ್ನೆಲ್ಲ ಹೊರುವ ಕಾಲಿನ ಕಡೆ ಗಮನ ಹೋಗುವುದು ಕಡಿಮೆ.

ಕಾಲನ್ನು ಹೇಗೆ ಕಟ್ಟಬೇಕೆಂಬ ಪ್ರಶ್ನೆ ಹೆಚ್ಚಾಗಿ ಕಾಡುವುದು ತಮ್ಮ ವಿಮಾನವನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳನ್ನು. ಅಮೆರಿಕದ ಬರ್ಟ್ ರುಟಾನ್ ಇಂಥವರಿಗಾಗಿಯೇ ರೂಪಿಸಿದ 'ಲಾಂಗ್-ಈಜಿ' 1979ರಲ್ಲಿ ಮೊದಲ ಬಾರಿ ಹಾರಿತು. ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ ಅದೇ ವಿನ್ಯಾಸವನ್ನು ಆಧರಿಸಿ ಸಣ್ಣದೊಂದು ಸಂಶೋಧನಾ ವಿಮಾನವನ್ನು ಕಟ್ಟಿತು. ಎಲ್‌ಸಿಆರ್‌ಎ ಎಂಬ ಆ ವಿಮಾನ 1987ರ ಫೆಬ್ರುವರಿ 26ರಂದು ಹಾರಿತು.

ಲಾಂಗ್-ಈಜಿಯ ಹಿಂದಿನ ಎರಡು ಗಾಲಿಗಳನ್ನು ಹೊರುವುದು ಗಾಜಿನ ನಾರು ಮತ್ತು ಎಪಾಕ್ಸಿ ಅಂಟಿನಿಂದ ಮಾಡಿದ ಒಂದೇ ಬಿಲ್ಲು. ನೆಲ ತಾಗಿದಾಗ ಅದು ಬಾಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಬಂಡಿಯ ಕಮಾನಿನ ಕೆಲಸವೂ ಇದೇ. ಎಂಜಿನ್ ಹಿಂಭಾಗದಲ್ಲಿರುವುದರಿಂದ ಚಾಲಕನಿಲ್ಲದ ವಿಮಾನ ಹಿಂದಕ್ಕೆ ವಾಲಿ ಬೀಳುವ ಭಯ ಉಂಟು. ಆದ್ದರಿಂದ ನಿಲ್ಲಿಸುವಾಗ ಮುಂದಿನ ಗಾಲಿಯನ್ನು ಮಡಚುತ್ತಾರೆ. ಎತ್ತು ಮಲಗುವಾಗ ಮುಂಗಾಲು ಮಡಚುವಂತೆ ವಿಮಾನ ಮೂತಿಯನ್ನು ನೆಲಕ್ಕೂರಿ ಕೂರುತ್ತದೆ.

ಕಾಲನ್ನು ಜೋಡಿಸುವುದು ಬೋಲ್ಟು ಬಿಗಿಯುವಷ್ಟು ಸುಲಭವಲ್ಲ. ಬಿಲ್ಲಿನ ಮೇಲೆ ನಾರಿನ ಪದರಗಳನ್ನು ಅಂಟಿಸಿ, ಅದನ್ನು ಒಡಲಿಗೆ ಹಿಡಿದಿಡುವ ಕಿವಿಗಳನ್ನು ಕಟ್ಟಬೇಕು. ಎರಡೂ ಗಾಲಿಗಳ ದಿಕ್ಕನ್ನು ಅಳತೆ ಹಿಡಿದು ಹೊಂದಿಸಬೇಕು. ದಿಕ್ಕು ತಪ್ಪಿದರೆ ಟೈರು ಬೇಗ ಸವೆಯುತ್ತದೆ, ಓಟದಲ್ಲಿ ವಿಮಾನ ಪಕ್ಕಕ್ಕೆ ಎಳೆಯುತ್ತದೆ. ಬ್ರೇಕಿನ ಕಾವಿಗೆ ಎಪಾಕ್ಸಿ ಮೆದುವಾಗುವುದರಿಂದ ಬಿಲ್ಲಿಗೆ ಶಾಖ ತಡೆಯುವ ಹೊದಿಕೆಯೂ ಬೇಕು. ಕಾಲು ಬದಲಾದರೆ ತೂಕವೂ ಬದಲಾಗುತ್ತದೆ. ವಿಮಾನವನ್ನು ಮತ್ತೆ ತೂಗಿ, ಗುರುತ್ವಕೇಂದ್ರ ಎಲ್ಲಿ ಬಿತ್ತೆಂದು ಲೆಕ್ಕ ಹಾಕಬೇಕು. ಕೈಯಿಂದ ಕಟ್ಟಿದವನೇ ಅದರಲ್ಲಿ ಕೂತು ಹಾರುವವನೂ ಆಗಿರುವುದರಿಂದ ಇಲ್ಲಿನ ಅಸಡ್ಡೆಗೆ ಅವನು ಪ್ರಾಣವನ್ನೇ ತೆರಬೇಕಾಗಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಈ ಕಾಲು ಎಲ್ಲ ನೆಲಕ್ಕೂ ಒಗ್ಗುವುದಿಲ್ಲ. ಗಾಲಿಗಳು ಚಿಕ್ಕವು, ಅವು ಎಬ್ಬಿಸಿದ ಕಲ್ಲು ಹಿಂದೆ ತಿರುಗುವ ಪಂಖಕ್ಕೆ ಬಡಿಯಬಹುದು. ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಬೆಂಗಳೂರಿನಲ್ಲಿ ಕಟ್ಟಿದ, 1958ರಲ್ಲಿ ಮೊದಲು ಹಾರಿದ 'ಪುಷ್ಪಕ್' ಬೇರೆ ಬಗೆಯದು. ಅದರ ಪಂಖ ಮೂತಿಯಲ್ಲಿ ಎತ್ತರಕ್ಕಿತ್ತು, ಸಣ್ಣ ಗಾಲಿ ಬಾಲದಲ್ಲಿತ್ತು. ಆ ರಚನೆ ಒರಟು ಮೈದಾನಕ್ಕೆ ಹೊಂದುತ್ತದೆ. ಆದರೆ ಭಾರ ಮುಖ್ಯ ಗಾಲಿಗಳ ಹಿಂದೆ ಬೀಳುವುದರಿಂದ ಓಟದಲ್ಲಿ ದಿಕ್ಕು ತಪ್ಪಿದರೆ ವಿಮಾನ ಗಿರಕಿ ಹೊಡೆಯುವ ಅಪಾಯವಿದೆ. ಮೂತಿಗೆ ಗಾಲಿಯಿದ್ದರೆ ಭಾರ ಮುಂದಿರುತ್ತದೆ, ಓಟ ನೇರವಾಗಿರುತ್ತದೆ. ಕಲಿಯುವವರಿಗೆ ಇದೇ ಸುಲಭ.

ಎಲ್‌ಸಿಆರ್‌ಎ ಬೆನ್ನಿಗೆ ಅದೇ ಪ್ರಯೋಗಾಲಯ ಎರಡು ಆಸನಗಳ ತರಬೇತಿ ವಿಮಾನ 'ಹಂಸ'ವನ್ನು ರೂಪಿಸಿತು. 1993ರಲ್ಲಿ ಮೊದಲು ಹಾರಿ, 2000ದಲ್ಲಿ ಪ್ರಮಾಣಪತ್ರ ಪಡೆದ ಅದರ ಗಾಲಿಗಳು ಮಡಚುವುದಿಲ್ಲ; ಮೂರೂ ಸ್ಥಿರ, ಒಂದು ಮೂತಿಯ ಕೆಳಗೆ.

ಇವುಗಳಲ್ಲಿ ಒಂದು ಮೇಲು, ಇನ್ನೊಂದು ಕೀಳು ಎನ್ನುವಂತಿಲ್ಲ. ಎರೆಹೊಲದ ಬಂಡಿಯನ್ನೂ ಕಲ್ಲುದಾರಿಯ ಬಂಡಿಯನ್ನೂ ಬಡಿಗ ಒಂದೇ ಅಳತೆಯಲ್ಲಿ ಕಟ್ಟುವುದಿಲ್ಲ. ವಿಮಾನ ಕಟ್ಟುವವನೂ ಮೊದಲು ಕೇಳಿಕೊಳ್ಳಬೇಕಾದದ್ದು ಅದನ್ನೇ: ಇಳಿಯುವುದು ಯಾವ ನೆಲಕ್ಕೆ?