ಸಾಷ್ಟಿ ದ್ವೀಪದ ಪೂರ್ವತೀರ

ಎಳೆಯರ ತಂಡವೊಂದು ದುರಾಶೆಯ ಹಿರಿಯರ ಕೈಯಿಂದ ತಮ್ಮ ದ್ವೀಪವನ್ನು ಉಳಿಸಿಕೊಳ್ಳುವ ಸಾಹಸದ ಚಲನಚಿತ್ರವನ್ನು ಮನೆಮಂದಿಯೊಡನೆ ಕುಳಿತು ನೋಡಿ ಹರ್ಷಿಸುವ ಮುಂಬಯಿಯ ಭಾಂಡುಪಿನ ಕನ್ನಡ ಮಕ್ಕಳಿಗೆ, ತಾವು ನೆಲೆಸಿರುವ ಊರೂ ಒಂದು ದ್ವೀಪದಲ್ಲಿಯೇ ಇದೆಯೆಂಬುದನ್ನು ತಿಳಿಯಹೇಳುವುದು ಹಿರಿಯರ ಕರ್ತವ್ಯವಾಗಿದೆ. ಉತ್ತರಕ್ಕೆ ವಸಯಿ ಖಾಡಿ, ಪೂರ್ವಕ್ಕೆ ಠಾಣೆ ಖಾಡಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಇವುಗಳ ನಡುವಣ ಸಾಷ್ಟಿ ದ್ವೀಪವನ್ನು 1534ರ ವಸಯಿ ಒಪ್ಪಂದದಿಂದ ಪೋರ್ಚುಗೀಸರು ಪಡೆದರು. 1737ರಲ್ಲಿ ಮರಾಠರು ಗೆದ್ದುಕೊಂಡರು. 1774ರಲ್ಲಿ ಇಂಗ್ಲಿಷರು ವಶಪಡಿಸಿಕೊಂಡರು. 1843ರಲ್ಲಿ ಭಾಂಡುಪಿಗೆ ಬಂದಿದ್ದ ಮುಂಬಯಿ ಸರ್ಕಾರದ ಮುಖ್ಯ ಇಂಜಿನಿಯರ್ ಜಾರ್ಜ್ ಕ್ಲಾರ್ಕನಿಗೆ ಮುಂಬಯಿ ಠಾಣೆಗಳನ್ನು ಕೂಡಿಸುವ ರೈಲುಮಾರ್ಗದ ಕಲ್ಪನೆ ಇಲ್ಲಿಯೇ ಹೊಳೆಯಿತೆಂದು ಹೇಳುವರು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ಗಾಡಿ ಈ ಸೀಮೆಯನ್ನು ಹಾದು ಠಾಣೆಗೆ ತಲುಪಿತು. ಸೇತುವೆಗಳೂ ಹಳಿಗಳೂ ಹೆಚ್ಚಿದಂತೆಲ್ಲ ಇದು ದ್ವೀಪವೆಂಬ ಭಾವನೆ ಜನರ ಮನದಿಂದ ಮರೆಯಾಯಿತು.

ಆದರೆ ಈ ತೀರದ ಉಪ್ಪಿನ ಆಗರಗಳಲ್ಲಿ ದುಡಿದ ಆಗ್ರಿ ಸಮುದಾಯದವರು ಅದನ್ನು ಮರೆಯುವಂತಿರಲಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳನ್ನು ಕಂಡ ಕನ್ನಡಿಗರಿಗೆ ಆ ವೃತ್ತಿಯ ಕ್ರಮ ಅಪರಿಚಿತವಲ್ಲ. ಮಳೆಗಾಲ ಕಳೆದ ಬಳಿಕ ಒಡ್ಡುಗಳನ್ನು ಸರಿಪಡಿಸಿ, ಗದ್ದೆಯ ಜೇಡಿಯನ್ನು ಕಾಲಿನಿಂದ ತುಳಿದು ಗಟ್ಟಿಗೊಳಿಸಿ, ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರದಲ್ಲಿ ಒಳಬಿಟ್ಟ ಖಾಡಿಯ ನೀರನ್ನು ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಿಗೆ ಇಂಗಿಸಿ, ತಳದಲ್ಲಿ ಹರಳುಗಟ್ಟಿದ ಉಪ್ಪನ್ನು ಉದ್ದ ಹಿಡಿಯ ಹಲಗೆಯಿಂದ ಅಂಚಿಗೆ ಎಳೆದು ರಾಶಿಹಾಕುತ್ತಿದ್ದರು. ಚಂದ್ರನ ತಿಥಿಯನ್ನೂ ಗಾಳಿಯ ದಿಕ್ಕನ್ನೂ ಬಲ್ಲವನಿಗೆ ಮಾತ್ರ ಈ ಕಾಯಕ ಕೈಹತ್ತುತ್ತಿತ್ತು.

ಆಗರಗಳಿಂದಾಚೆ ಕಾಂಡ್ಲಾವನ. ಕೆಸರಿನಿಂದ ಮೇಲ್ಮುಖವಾಗಿ ಎದ್ದು ನಿಂತ ಬೇರುಗಳಿಂದ ಉಸಿರಾಡುತ್ತ, ಹೀರಿದ ಉಪ್ಪನ್ನು ಎಲೆಗಳಿಂದ ಹೊರಸೂಸುತ್ತ ಈ ಗಿಡಗಳು ಅಲೆಯ ರಭಸವನ್ನು ತಡೆದು ಮಣ್ಣನ್ನು ಹಿಡಿದಿಟ್ಟುಕೊಳ್ಳುವುವು. ತಗ್ಗಾದ ಆಗರಗಳಾದರೋ ಮಳೆಯ ನೀರಿಗೆ ಹರಡಿ ನಿಲ್ಲಲು ಎಡೆಗೊಡುವುವು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದಾಗ, ನೀರಿಗೆ ಎಡೆಯಿಲ್ಲದಂತೆ ಕಟ್ಟಿದುದರ ಫಲವನ್ನು ಎಲ್ಲರೂ ಉಣ್ಣಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾವನಗಳ ನಾಶವನ್ನು ರಾಜ್ಯದಾದ್ಯಂತ ನಿಷೇಧಿಸಿತು. 2015ರಲ್ಲಿ ಠಾಣೆ ಖಾಡಿ ರಾಜಹಂಸಗಳ ಅಭಯಾರಣ್ಯವಾಯಿತು. 2022ರಲ್ಲಿ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೂ ಸೇರಿತು.

2024ರಲ್ಲಿ ಧಾರಾವಿ ಕೊಳಗೇರಿಯ ನಿವಾಸಿಗಳ ಪುನರ್ವಸತಿಗಾಗಿ ಕಾಂಜೂರಮಾರ್ಗ, ಭಾಂಡುಪ್, ಮುಲುಂಡಗಳ ಸುಮಾರು 256 ಎಕರೆ ಆಗರಭೂಮಿಯನ್ನು ಬಳಸಲು ರಾಜ್ಯ ಸರ್ಕಾರವು ಸಮ್ಮತಿಸಿತು. ಬಡವನಿಗೆ ಸೂರು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನೀರು ನಿಲ್ಲುವ ತಗ್ಗಿನಲ್ಲಿ ಸೂರು ಕಟ್ಟಿದರೆ ಮೊದಲು ನೀರು ನುಗ್ಗುವುದು ಆ ಬಡವನ ಮನೆಯೊಳಕ್ಕೇ. ಆದುದರಿಂದ ಭಾಂಡುಪಿನ ಶಾಲೆಗಳು ಮಕ್ಕಳನ್ನು ಈ ತೀರಕ್ಕೆ ಕರೆತಂದು, ಉಬ್ಬರವಿಳಿತಗಳ ಲೆಕ್ಕವನ್ನು ಆಗರದಲ್ಲಿ ದುಡಿದ ಮುದುಕರ ಬಾಯಿಂದಲೇ ಕೇಳಿಸಬೇಕು. ಯಾವ ತಗ್ಗು ಯಾವ ನೀರನ್ನು ಹಿಡಿಯುತ್ತದೆಂದು ಬಲ್ಲ ಮಕ್ಕಳು ನಾಳೆ ಈ ನೆಲದ ಕುರಿತು ನಿರ್ಣಯ ಕೈಗೊಳ್ಳುವವರಾದಾಗ, ದ್ವೀಪಕ್ಕೆ ಅವರಿಗಿಂತ ಮಿಗಿಲಾದ ರಕ್ಷಕರು ಬೇಕಾಗಲಾರರು.